ಅಪ್ಪನ ತುಂಬುತೋಳಿನ ಅಂಗಿ

ಮರಿಯನ್ನು ಮನೆಗೆ ತಂದವನು ಅಣ್ಣ. "ಅಪ್ಪನಿಗೆ ಹೊತ್ತು ಹೋಗಲಿ" ಅಂತ ರಟ್ಟಿನ ಪೆಟ್ಟಿಗೆಯೊಂದನ್ನು ಸೋಫಾದ ಮೇಲಿಟ್ಟು, ಕೂತು ನೀರನ್ನೂ ಕುಡಿಯದೆ ಹೊರಟುಹೋದ. ಪೆಟ್ಟಿಗೆಯಿಂದ ಎದ್ದುಬಂದ ಪೊಮೆರೇನಿಯನ್ ನಾಯಿಮರಿ ಎರಡು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಹತ್ತೇ ನಿಮಿಷದಲ್ಲಿ ಅದು ಚಪ್ಪಲಿ ಪಟ್ಟಿ, ಪರದೆಯ ಅಂಚು, ಅಪ್ಪನ ಪಕ್ಕ ನಿಂತಿದ್ದ ಮಗಳ ಹೆಬ್ಬೆರಳು ಎಲ್ಲದರ ರುಚಿ ನೋಡಿ ಮುಗಿಸಿತು.

"ಇದು ಕಚ್ಚೋದಲ್ಲ, ಪಿನ್ನು ಹೊಡೆಯೋದು" ಅಂತ ಅಪ್ಪ ನಕ್ಕ. ಅಲ್ಲಿಗೆ ಅದರ ಹೆಸರು ಸ್ಟೇಪ್ಲರ್ ಅಂತಾಯಿತು.

ಮಗಳಿಗೆ ನಗು ಬರಲಿಲ್ಲ. ಅವಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು; ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಜನರ ತೋಳುಗಳೇ ಅವಳ ಲೋಕ. ಅಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿದವನು. ಐದು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಎಡಗೈ ಜೋಮು ಹಿಡಿದುಕೊಂಡಿತ್ತು, ಎಡಗಾಲು ಎಳೆಯುತ್ತಿತ್ತು. ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ಒಂದು ಗುಳಿಗೆ. ಅದನ್ನು ನುಂಗುವವರಿಗೆ ಗಡ್ಡ ಹೆರೆಯುವಾಗ ಗೀರಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಅಂಥವನ ಮಡಿಲಿಗೆ ಸೂಜಿಹಲ್ಲಿನ ಮರಿ!

ಅಣ್ಣನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು.

"ಚಿಕ್ಕದು ಕಣೇ, ದೊಡ್ಡದಾದ್ರೆ ತಾನೇ ಬಿಡುತ್ತೆ" ಅಂದ ಅವನು.

"ಅಷ್ಟರೊಳಗೆ ಅಪ್ಪನ ಕೈ ಜರಡಿ ಆಗಿರುತ್ತೆ!"

ಮರುದಿನವೇ ಮರಿಯನ್ನು ಚೀಲಕ್ಕೆ ಹಾಕಿಕೊಂಡು ಪಶುವೈದ್ಯೆಯ ಹತ್ತಿರ ಹೋದಳು. ವೈದ್ಯೆ ಚುಚ್ಚುಮದ್ದು ಹಾಕಿ, ಮರಿಯ ಬಾಯಿ ಬಿಡಿಸಿ ನೋಡಿ, "ಹಲ್ಲು ಬರ್ತಿದೆ, ಬಾಯಿ ನವೆ. ಹೊಡೀಬೇಡಿ, ಕಿರುಚಬೇಡಿ" ಅಂದಳು. "ಹಲ್ಲು ತಾಗಿದ ತಕ್ಷಣ ಆಟ ಬಂದ್. ಮುಖ ತಿರುಗಿಸಿ, ಕಲ್ಲಿನ ಹಾಗೆ ಇದ್ದುಬಿಡಿ. ಕಚ್ಚೋಕೆ ಬೇರೆ ಏನಾದ್ರೂ ಕೊಡಿ, ಕೈ ಮಾತ್ರ ಬೇಡ. ತೀರಾ ರೇಗಿದ್ರೆ ಮಲಗಿಸಿ, ಮಕ್ಕಳ ಹಾಗೇ ಇವೂನು. ಒಂದು ಮಾತು, ಮನೇಲಿ ಎಲ್ಲರೂ ಒಂದೇ ಥರ ಮಾಡಬೇಕು. ಒಬ್ಬರು ಬೇಡ ಅಂದು ಇನ್ನೊಬ್ಬರು ಹೂಂ ಅಂದ್ರೆ ಅದಕ್ಕೆ ತಲೆಬುಡ ತಿಳಿಯಲ್ಲ."

ಮಗಳಿಗೆ ಸುಮ್ಮನೆ ನಿಲ್ಲುವುದು ಹುಟ್ಟಿನಿಂದಲೇ ಬಂದದ್ದಲ್ಲ. ಹಲ್ಲುಜ್ಜುತ್ತಲೇ ಹಾಸಿಗೆ ಮಡಚುವವಳು, ಫೋನ್ ಕಿವಿಗಿಟ್ಟುಕೊಂಡೇ ನೆಲ ಒರೆಸುವವಳು. ಅಂಥವಳು ಈಗ ದಿನಕ್ಕೆ ಇಪ್ಪತ್ತು ಸಲ ನಡುಮನೆಯಲ್ಲಿ ಗೋಡೆ ನೋಡುತ್ತ ಕಂಬದಂತೆ ನಿಲ್ಲಬೇಕಾಯಿತು. ಮರಿ ಕಾಲ ಸುತ್ತ ಗಿರಕಿ ಹೊಡೆದು, ಬೊಗಳಿ, ಪೈಜಾಮದ ಅಂಚು ಜಗ್ಗಿ, ಸೋತು ಕೂರುವವರೆಗೆ ಅವಳ ಒಳಗೆಲ್ಲ ಇರುವೆ ಹರಿದ ಹಾಗಾಗುತ್ತಿತ್ತು. ಅಪ್ಪನಿಗೂ ಕಟ್ಟಪ್ಪಣೆಯಾಯಿತು: "ಕೈ ಕೊಡಬೇಡ. ಗೊತ್ತಾಯ್ತಾ?"

"ಆಯ್ತಮ್ಮ, ಇನ್‌ಸ್ಪೆಕ್ಟರೇ" ಅಂದ ಅಪ್ಪ.

ಮೂರು ವಾರವಾದರೂ ಸುಧಾರಣೆ ಕಾಣಲಿಲ್ಲ. ಬೆಳಗ್ಗೆ ಮರಿ ಪಾಪದ ಹಾಗಿರುತ್ತಿತ್ತು. ಮಧ್ಯಾಹ್ನ ಅವಳು ಬಾಗಿಲು ತೆಗೆದರೆ ಮೈಮೇಲೆ ಬಂದವರಂತೆ ಹಾರಿ ಮಣಿಕಟ್ಟಿಗೇ ಬಾಯಿ ಹಾಕುತ್ತಿತ್ತು. ತಾನೆಲ್ಲಿ ತಪ್ಪುತ್ತಿದ್ದೇನೆ? ಕೆಲಸದಲ್ಲೂ ಅದೇ ಯೋಚನೆ. ಎರಡು ಸಿರಿಂಜುಗಳ ನಡುವೆ ಮನೆಗೊಂದು ಫೋನ್. "ಏನ್ ಮಾಡ್ತಿದೆ?" "ಮಲಗಿದೆ" ಅನ್ನುತ್ತಿದ್ದ ಅಪ್ಪ, ಏದುಸಿರು ಬಿಡುತ್ತ. ತೋಳು ಚಾಚಿದ ಅಜ್ಜನೊಬ್ಬ ಅವಳ ತೆಳು ಕೈಗವಸಿನಡಿ ಕಾಣುತ್ತಿದ್ದ ಹಲ್ಲುಗುರುತುಗಳನ್ನೇ ನೋಡಿ, "ಏನಮ್ಮ, ಮೊದಲು ನಿನ್ನ ಕೈಗೇ ಚುಚ್ಚಿ ಕಲಿತೆಯಾ?" ಅಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳು ಎರಡನೇ ಜೊತೆ ಕೈಗವಸು ಹಾಕಿಕೊಂಡಳು.

ಆ ಭಾನುವಾರ ಅಪ್ಪನ ರಕ್ತ ಪರೀಕ್ಷೆ ಇತ್ತು. ತಿಂಗಳಿಗೊಮ್ಮೆ ಅವಳೇ ಮನೆಯಲ್ಲಿ ತೆಗೆಯುತ್ತಿದ್ದಳು. ಅಪ್ಪ ಆಗಲೇ ಅಂಗಿಯ ಬಲತೋಳು ಮೇಲಕ್ಕೆ ಮಡಚಿ ಕೈಯನ್ನು ಮೇಜಿನ ಮೇಲಿಟ್ಟು ಕೂತಿದ್ದ. ಸೆಕೆ ಕುದಿಯುತ್ತಿದ್ದರೂ ಮೈಮೇಲೆ ತುಂಬುತೋಳಿನ ಅಂಗಿ, ಎಡತೋಳಿನ ಗುಂಡಿ ಮಣಿಕಟ್ಟಿನಲ್ಲಿ ಭದ್ರ. ವಾರದಿಂದ ಹೀಗೇ ಅಲ್ಲವೇ ಅಂತ ಆಗ ಹೊಳೆಯಿತು. ಗುಂಡಿಯ ಪಕ್ಕದಲ್ಲಿ ಎರಡು ಕಂದು ಚುಕ್ಕೆ. ಒಣಗಿದ ರಕ್ತದ ಬಣ್ಣವನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಆ ಕೈ ಕೊಡು."

"ಅದೆಲ್ಲ ಏನೂ ಇಲ್ಲ, ನೀನು ಇದರಲ್ಲೇ ತೆಗಿ."

ಅವಳು ಗುಂಡಿ ಬಿಚ್ಚಿದಳು. ತೋಳಿನುದ್ದಕ್ಕೂ ಸಣ್ಣ ಸಣ್ಣ ತೂತು, ಸುತ್ತ ನೇರಳೆ, ಹಸಿರು, ಹಳದಿ ಕಲೆ. ಅಲ್ಲಲ್ಲಿ ಹತ್ತಿ ಇಟ್ಟು ಪೊಟ್ಟಣ ಕಟ್ಟುವ ಟೇಪು ಅಂಟಿಸಿತ್ತು.

"ದಿನಾ ಆಡಿಸ್ತಿದ್ದೆಯಾ?"

"ಜೋಮು ಕೈ ತಾನೆ. ನನಗೆ ನೋವಿಲ್ಲ, ಅದಕ್ಕೆ ಖುಷಿ."

ಅವಳ ಪಿತ್ತ ನೆತ್ತಿಗೇರಿತು. ರಕ್ತವನ್ನೂ ತೆಗೆಯದೆ ಮರಿಯನ್ನು ಎತ್ತಿ ಪೆಟ್ಟಿಗೆಗೆ ತುರುಕಿದಳು. "ಇವತ್ತೇ ಅಣ್ಣನ ಮನೆಗೆ. ಮುಗೀತು."

ಅಪ್ಪ ಎದ್ದು ನಿಲ್ಲಲು ಹೋಗಿ ಮತ್ತೆ ಕೂತ. "ನೀವೆಲ್ಲ ನನ್ನನ್ನ ಗಾಜಿನ ಲೋಟ ಹಿಡಿದ ಹಾಗೆ ಹಿಡೀತೀರಿ" ಅಂದ. ದನಿ ಜೋರಿರಲಿಲ್ಲ. "ಮೆಲ್ಲಗೆ ಏಳು, ಮೆಲ್ಲಗೆ ಕೂರು, ಮೆಲ್ಲಗೆ ಮಾತಾಡು. ಐದು ತಿಂಗಳಾಯ್ತು, ನನ್ನ ಜೊತೆ ಒಬ್ಬರಾದ್ರೂ ಜಗಳ ಆಡಿದ್ದೀರಾ? ಅದೊಂದೇ ಆಡೋದು. ಅದಕ್ಕೆ ನಾನು ರೋಗಿ ಅಂತ ಗೊತ್ತಿಲ್ಲ."

ಅವಳು ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದಳು.

ಬಸ್ ನಿಲ್ದಾಣದವರೆಗೆ ದಾಪುಗಾಲು ಹಾಕಿದಳು. ಬಸ್ಸು ಬಂತು, ಹತ್ತಲಿಲ್ಲ. ಪೆಟ್ಟಿಗೆಯೊಳಗೆ ಪರಚಾಟ, ಕುಂಯ್‌ಗುಟ್ಟುವಿಕೆ. ಮುಂದಿನ ನಿಲ್ದಾಣಕ್ಕೆ ನಡೆದಳು, ಅಲ್ಲಿಂದ ಹಿಂದಕ್ಕೆ, ಮತ್ತೆ ಮುಂದಕ್ಕೆ. ಕೊನೆಗೆ ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಮುಚ್ಚಳ ಎತ್ತಿದರೆ, ಮರಿ ನಾಲ್ಕೂ ಕಾಲು ಚಾಚಿ ಸತ್ತಂತೆ ನಿದ್ದೆ ಹೋಗಿತ್ತು. ಹಗಲು ಹೊತ್ತಿನಲ್ಲಿ ಅದು ಇಷ್ಟು ಗಾಢವಾಗಿ ಮಲಗಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಬೆಳಗ್ಗೆಯಿಂದ ಮೂರರವರೆಗೆ ಅಪ್ಪನ ಜೊತೆ ಕುಸ್ತಿ. ರೆಪ್ಪೆ ಮುಚ್ಚದೆ ದಣಿದು ರೇಗಿದ ಮೇಲೆ ಅವಳ ಪಾಠ. ಮರಿಗೆ ತಲೆ ಕೆಡದೆ ಇನ್ನೇನು? ಅಪ್ಪನಿಗೂ ಅಷ್ಟೇ. ಮೂವತ್ತೊಂದು ವರ್ಷ ಒಂದು ಕಡೆ ನಿಲ್ಲದವನನ್ನು ಕುರ್ಚಿಗೆ ಕೂರಿಸಿ, ಕೈ ಕೊಡಬೇಡ ಅಂದಿದ್ದಳೇ ಹೊರತು ಏನು ಕೊಡಬಹುದು ಅಂತ ಹೇಳಿರಲಿಲ್ಲ.

ಮನೆಗೆ ಮರಳಿದವಳು ಅಪ್ಪನ ಮುಖ ನೋಡದೆ ನೇರ ಅಡುಗೆಮನೆಯ ಮೂಲೆಗೆ ಹೋದಳು. ಹಳೇ ಪೊರಕೆಯ ಕೋಲು ಮುರಿದು, ತುದಿಗೆ ಒಂದು ಮಾರು ಹಗ್ಗ ಕಟ್ಟಿ, ಹಗ್ಗದ ಕೊನೆಗೆ ಗಂಟು ಹಾಕಿದ ಕಾಲುಚೀಲ ಬಿಗಿದಳು.

"ತಗೋ. ಎಷ್ಟು ಜೋರಾಗಿ ಬೇಕೋ ಅಷ್ಟು ಆಡು. ಕಾಲು ಗಂಟೆ, ಆಮೇಲೆ ಅದಕ್ಕೆ ನಿದ್ದೆ. ಕೈಗೆ ಹಲ್ಲು ತಾಗಿತೋ, ಕೋಲು ಕೆಳಗೆ. ಮತ್ತೆ ನನಗೆ ಸುಳ್ಳು ಹೇಳಿದರೆ ಇದೇ ಕೋಲು ನಿನಗೆ."

"ಹಾಂ, ಈಗ ಸರಿಯಾಗಿ ಬೈದೆ" ಅಂದ ಅಪ್ಪ, ಮುಖ ಅರಳಿಸಿ.

ಅವನು ಕುರ್ಚಿಯಲ್ಲಿ ಕೂತೇ ಕೋಲು ತಿರುಗಿಸಿದ. ಮರಿ ಕಾಲುಚೀಲದ ಹಿಂದೆ ಬಿದ್ದು ನಡುಮನೆಯನ್ನು ಸುತ್ತಿತು, ತಿರುವಿನಲ್ಲಿ ಜಾರಿ ಗೋಡೆಗೆ ಗುದ್ದಿ ಎದ್ದಿತು. "ಎಡಕ್ಕೆ ಹೋಗೋ, ಎಡಕ್ಕೆ! ಮುಂದೆ ಸಿಗ್ನಲ್ ಇದೆ!" ಅಂತ ಅಪ್ಪ ಕೂಗುತ್ತಿದ್ದ.

ಎಲ್ಲ ಒಂದೇ ಸಲ ಸರಿಹೋಗಲಿಲ್ಲ. ಆದರೆ ಹದಿನೈದು ದಿನ ಕಳೆಯುವ ಹೊತ್ತಿಗೆ ಮರಿ ಮಧ್ಯಾಹ್ನ ಮಲಗತೊಡಗಿತು. ಬಾಗಿಲಲ್ಲಿ ಹಾರಿದರೂ ಬಾಯಿ ಹಾಕುವುದನ್ನು ಕಡಿಮೆ ಮಾಡಿತು. ಒಂದು ದಿನ ಲ್ಯಾಬಿಗೆ ಅಪ್ಪನೇ ಫೋನ್ ಮಾಡಿದ. ಅವಳು ಸಿರಿಂಜು ಕೆಳಗಿಟ್ಟು ಫೋನ್ ಎತ್ತಿದಳು.

"ಕಚ್ಚಿಬಿಡ್ತು ಕಣೆ. ಬಲಗೈಗೆ. ತಪ್ಪು ನಂದೇ, ಕಾಲುಚೀಲ ಬಿಡಿಸೋಕೆ ಹೋದೆ. ಹತ್ತು ನಿಮಿಷ ಬಟ್ಟೆ ಒತ್ತಿ ಹಿಡಿದೆ, ನಿಂತಿದೆ. ಮುಖಾನೂ ತಿರುಗಿಸಿದೆ."

"ಅದೇನ್ ಮಾಡ್ತಿದೆ?"

"ಹಿಂದೇನೇ ಕೂತು ನನ್ನ ಬೆನ್ನು ನೋಡ್ತಿದೆ. ಎಷ್ಟು ಹೊತ್ತು ಹೀಗೇ ಇರಬೇಕು? ನನಗೆ ಕುತ್ತಿಗೆ ಹಿಡೀತಾ ಇದೆ."

"ಸಾಕು, ತಿರುಗು" ಅಂದಳು ಅವಳು. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡೇ ಮುಂದಿನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು.