ಇನ್ನೊಂದು ಸಲ ಕೇಳಬಹುದಿತ್ತು

ಲಿಫ್ಟಿನ ಬಾಗಿಲು ತೆರೆದಾಗ ಮೊದಲು ಹೊರಬಂದದ್ದು ಯಾರದ್ದೋ ಹಸಿರು ಸೋಫಾ. ಅದನ್ನು ಹೊತ್ತವರು ನೆಟ್ಟಗೆ ಎದುರುಮನೆಗೆ ನುಗ್ಗಿದ್ದನ್ನು ನೋಡಿ, ಕಾರಿಡಾರಿನಲ್ಲಿ ಬಟ್ಟೆ ಹರವುತ್ತಿದ್ದ ಹನಾ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಬಕೆಟ್ಟಿಗೇ ಬಿಟ್ಟಳು. ಆ ಮನೆ ತನ್ನ ತಂಗಿ ಮೈಸೂನ್‌ಗೆ ಎಂದು ಅವಳು ಕಿಟಕಿಯ ಪರದೆಯ ಬಣ್ಣವನ್ನೂ ಮನಸ್ಸಿನಲ್ಲೇ ಆರಿಸಿಯಾಗಿತ್ತು.

ಇರಾಕಿನ ಬಸ್ರಾದಿಂದ ಬಂದ ಸಂಸಾರಗಳು ಇಲ್ಲಿ ಬೆರಳೆಣಿಕೆಯಷ್ಟು, ಅವೂ ಸಿಂಗಪುರದ ಮೂಲೆಮೂಲೆಗೆ ಚದುರಿದ್ದವು. ಗಂಡಂದಿರೇನೋ ದಿನವೂ ಕಂಪನಿ ಬಸ್ಸು ಹತ್ತಿ ಜುರಾಂಗ್ ಐಲ್ಯಾಂಡಿನ ತೈಲ ಕಾರ್ಖಾನೆಗಳಲ್ಲಿ ಒಬ್ಬರಿಗೊಬ್ಬರು ಸಿಗುತ್ತಾರೆ. ಹೆಂಗಸರಿಗೆ ಫೋನೇ ಗತಿ. ಹನಾ ಜುರಾಂಗ್ ಈಸ್ಟಿನಲ್ಲಿ, ಮೈಸೂನ್ ಆ ತುದಿಯ ಪಾಸಿರ್ ರಿಸ್‌ನಲ್ಲಿ. ತುಂಬು ಬಸುರಿ ಬೇರೆ. ನೋವು ಶುರುವಾದರೆ ಪಕ್ಕದಲ್ಲಿ ಒಂದು ನರಪಿಳ್ಳೆಯಿಲ್ಲ.

ಎದುರುಮನೆಯಲ್ಲಿ ಬಾಡಿಗೆಗಿದ್ದ ಮೈಸೂರಿನ ಶಾಮಲಾ ಕಾಂಡೋ ಅಪಾರ್ಟ್‌ಮೆಂಟಿಗೆ ಹೋಗುವುದು ಖಚಿತವಾದಾಗ ತಾನಾಗಿಯೇ ಇಂಗ್ಲಿಷಿನಲ್ಲಿ ಕೇಳಿದ್ದಳು. "ಓನರ್‌ಗೆ ನಿಮ್ಮ ತಂಗಿ ವಿಷಯ ಹೇಳ್ಲಾ?"

"ಬೇಡ ಬೇಡ, ನಿಮಗ್ಯಾಕೆ ತೊಂದರೆ" ಅಂದಿದ್ದಳು ಹನಾ. ಬಸ್ರಾದಲ್ಲಿ ಮೊದಲ ಸಲಕ್ಕೇ ಹ್ಞೂಂ ಅನ್ನುವವರು ಮರ್ಯಾದೆ ಕಂಡರಿಯದವರು. ಬೇಡ ಅನ್ನಬೇಕು, ಅವರು ಮತ್ತೆ ಕೇಳಬೇಕು, ಆಣೆ ಹಾಕಬೇಕು, ಆಮೇಲೆ ಒಪ್ಪಬೇಕು. ಆ ಇನ್ನೊಂದು ಸಲಕ್ಕಾಗಿ ಹನಾ ವಾರಗಟ್ಟಲೆ ಕಾದಳು. ಚಹಾಕ್ಕೆ ಕರೆದು ತಂಗಿಯ ಸುದ್ದಿ ಎತ್ತಿದಳು. ಶಾಮಲಾ ಚಹಾ ಕುಡಿದು, ಕಾಂಡೋದ ಈಜುಕೊಳದ ಸುದ್ದಿ ಹೇಳಿ ಎದ್ದುಹೋದಳು.

ಈಗ ಅವಳೇ ಕೊನೆಯ ಸಾಮಾನು ತಳ್ಳಿಕೊಂಡು ಹೊರಬಂದಳು.

"ಮನೆ ಬೇರೆಯವರಿಗೆ ಹೋಯ್ತಾ?" ಹನಾ ಅಡ್ಡ ನಿಂತು ಕೇಳಿದಳು. "ನನ್ನ ತಂಗಿ?"

"ನೀವೇ ಬೇಡ ಅಂದ್ರಲ್ಲ?"

"ಒಂದು ಸಲ ಅಂದೆ."

ಶಾಮಲಾ ನಿಂತೇಬಿಟ್ಟಳು. "ಅಯ್ಯೋ, ನಮ್ಮಮ್ಮನೂ ಹಿಂಗೇನೇ. ಮೂರು ಸಲ ಕೇಳ್ದೇ ಇದ್ರೆ ಯಾರ ಮನೇಲೂ ಕಾಫಿ ಮುಟ್ಟಲ್ಲ. ಇಲ್ಲಿಗ್ ಬಂದು ಎಲ್ಲಾ ಮರ್ತೋಗಿದೆ ನಂಗೆ. ಅಗ್ರಿಮೆಂಟ್ ಬೇರೆ ಸೈನ್ ಆಗ್ಬಿಟ್ಟಿದೆ. ಬಾಯ್ಬಿಟ್ಟು ಹೇಳ್ಬಾರ್ದಿತ್ತಾ?"

ಬಾಯಿಬಿಟ್ಟು ಹೇಳಿದರೆ ಅದು ಭಿಕ್ಷೆ. ಅದನ್ನು ಈ ಇಂಗ್ಲಿಷಿನಲ್ಲಿ ಹೇಗೆ ತಿಳಿಸುವುದೋ ಹನಾಗೆ ಹೊಳೆಯಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಒಂದೇ ಸಲ ಕೇಳಿ ಬಿಟ್ಟವಳ ಮೇಲೆ, ಸೋಫಾದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಸುಡುಗಾಡು ಮರ್ಯಾದೆಯ ಮೇಲೆ.

ಶಾಮಲಾ ತಳ್ಳಿಕೊಂಡು ಬಂದದ್ದು ಮಗುವನ್ನು ಮಲಗಿಸುವ ಮರದ ಕಾಟು. ಅದರ ಕಡೆ ನೋಡಿ ತಡವರಿಸಿದಳು. "ಇದು ನಮ್ಮ ಮಗಳು ಗಾರ್ಗಿದು. ಯಾರಾದ್ರೂ ತಗೊಳ್ಲಿ ಅಂತ ಕೆಳಗೆ ಇಟ್ಟುಹೋಗೋಣ ಅಂತಿದ್ದೆ. ನಿಮ್ಮ ತಂಗಿಗೆ..."

"ಕೊಡಿ" ಅಂದಳು ಹನಾ, ಮಾತು ಮುಗಿಯುವ ಮುಂಚೆಯೇ.

ಲಿಫ್ಟು ಶಾಮಲಾಳನ್ನು ಕರೆದುಕೊಂಡು ಇಳಿಯಿತು. ಎದುರುಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಫೋನ್ ಅಲುಗತೊಡಗಿತು, ಮೈಸೂನ್. ಹನಾ ಎತ್ತಲಿಲ್ಲ. ಎರಡೂ ಕೈಯಲ್ಲಿ ಕಾಟಿನ ಕಂಬಿಯನ್ನು ಹಿಡಿದುಕೊಂಡು, ಒದ್ದೆ ಬಟ್ಟೆಗಳ ನಡುವೆ ನಿಂತೇ ಇದ್ದಳು.