ಇಪ್ಪತ್ತೊಂಬತ್ತು ಇಂಚು

ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಇಪ್ಪತ್ತೆರಡು ವರ್ಷ ನಾನು ಮಣೆಯ ಮೇಲೆ ನಿಂತು ಅಡುಗೆ ಮಾಡಿದೆ. ನಾನು ಗಿಡ್ಡಿ, ಅಡುಗೆ ಕಟ್ಟೆ ಎದೆಗೆ ಬರುತ್ತಿತ್ತು. ಒಮ್ಮೆ ಮಣೆ ಜಾರಿ, ಕುದಿಯುವ ಸಾರು ಮೊಣಕೈ ಮೇಲೆ ಚೆಲ್ಲಿತು. ಯಾರಿಗೂ ದೂರು ಹೇಳಲಿಲ್ಲ. ಗಿಡ್ಡಗಿರುವುದು ನನ್ನದೇ ತಪ್ಪು ಎಂದುಕೊಂಡಿದ್ದೆ.

ನಿವೃತ್ತಿ ಹತ್ತಿರ ಬಂದಾಗ ನಮ್ಮವರು, ಮುದಕಪ್ಪ, ಹಳಿಯಾಳದಲ್ಲಿ ಮನೆ ಕಟ್ಟಿಸಲು ಹೊರಟರು. ಜಾಗ ನನ್ನ ಹೆಸರಿನಲ್ಲಿತ್ತು. ನೋಂದಣಿಯ ದಿನ ಸಹಿ ಮಾಡಿ ಬಂದದ್ದು ಬಿಟ್ಟರೆ ನನಗೆ ಅದರ ನೆನಪೇ ಇರಲಿಲ್ಲ. ರೇಟು ಎಲ್ಲ ಅವರೇ ಮಾತಾಡಿ ಮುಗಿಸಿದ್ದರು. ಕಾಂಟ್ರಾಕ್ಟರ್ ತುಳಸಿರಾಮ ಕೊಟೇಶನ್ ಬರೆದು ತಂದಾಗ ಮಾತ್ರ ಅವರು ಮಿಲ್ಲಿನಲ್ಲಿದ್ದರು. ಚಹಾ ಮಾಡಲು ನಾನು ಮಣೆ ಹತ್ತಿದ್ದನ್ನು ಆತ ನೋಡಿದ.

"ವೈನಿ, ಕೆಳಗ ಇಳೀರಿ. ಮೊಣಕೈ ಮಡಚ್ರಿ" ಎಂದು ಟೇಪಿನ ತುದಿಯನ್ನು ನನ್ನ ಕೈಗೇ ಕೊಟ್ಟ. ನೆಲದಿಂದ ಮೊಣಕೈತನಕ ಅಳೆದು, ನಾಲ್ಕೈದು ಇಂಚು ಕಳೆದು, 'ಅಡುಗೆ ಕಟ್ಟೆ ಎತ್ತರ ಇಪ್ಪತ್ತೊಂಬತ್ತು ಇಂಚು' ಎಂದು ಕಾಗದದಲ್ಲಿ ಸೇರಿಸಿದ. "ಒಪ್ಪಿಗಿ ಇದ್ರ ನೀವ ಸಹಿ ಮಾಡ್ರಿ. ಜಾಗದ ಮಾಲಕರು ನೀವ ಅಲ್ಲೇನು?"

ಮಾಡಿದೆ. ಕೆಳಗೆ ಆತನೂ ಮಾಡಿದ.

ಸಂಜೆ ನಮ್ಮವರಿಗೆ ಅಂಜುತ್ತಲೇ ಹೇಳಿದೆ. "ಇರ್ಲಿ ಬಿಡು, ಬರೇ ಕೊಟೇಶನ್" ಎಂದರು. ಬೈದಿದ್ದರೇ ಚೆನ್ನಾಗಿತ್ತು. ನನ್ನ ಸಹಿಯಿಂದ ಏನೋ ಒಂದು ಆಗುತ್ತದೆ ಎಂದಾದರೂ ತಿಳಿಯುತ್ತಿತ್ತು.

ಗೋಡೆ ಎದ್ದ ಮೇಲೆ ಧಾರವಾಡದಿಂದ ಅವರ ಅಕ್ಕ ಮಹಾದೇವಕ್ಕ ನೋಡಲು ಬಂದರು. ಕಟ್ಟೆಗೆಂದು ಹಾಕಿದ ಗುರುತು ನೋಡಿ ನಕ್ಕರು.

"ಇದೇನು, ಆಡೋ ಹುಡುಗ್ರ ಮನಿ ಕಟ್ಟಾಕತ್ತೀರೇನು? ನಾಳೆ ಸೊಸಿ ಬಂದ್ರ ಸೊಂಟ ಮುರ್ಕೋತಾಳ."

"ಎಲ್ಲಾರ ಮನ್ಯಾಗ ಇದ್ದಂಗ ಮಾಡು, ತುಳಸಿರಾಮ" ಎಂದರು ನಮ್ಮವರು.

ಇಟ್ಟಿಗೆ ರಾಶಿಯ ಪಕ್ಕ ನಿಂತಿದ್ದ ನನಗೆ, ಇಲ್ಲಿಗೂ ಮಣೆ ಹೊತ್ತು ತರಬೇಕಲ್ಲ ಎನಿಸಿತು.

ತುಳಸಿರಾಮ ಚೀಲದಿಂದ ಕಾಗದ ತೆಗೆದ. "ಅಣ್ಣಾರ, ಇದರಾಗ ಇಪ್ಪತ್ತೊಂಬತ್ತು ಐತಿ."

"ಅದು ಕೊಟೇಶನ್ನಪಾ, ಕರಾರು ಅಲ್ಲ."

"ಸಹಿ ಬೀಳೂತನಾ ಕೊಟೇಶನ್ ರೀ. ಏನು ಕೆಲಸ, ಏನು ರೇಟು ಬರದೈತಿ. ಮಾಲಕರು ಸಹಿ ಮಾಡ್ಯಾರ, ನಾನೂ ಮಾಡೀನಿ. ಮ್ಯಾಲೆ ಹೆಸರು ಏನರ ಇರ್ಲಿ, ಅದ ಕರಾರು. ಹಿಂದ ಮುಂಡಗೋಡದಾಗ ಬರದಿದ್ದು ಬಿಟ್ಟು ಬ್ಯಾರೆ ಗ್ವಾಡಿ ಕಟ್ಟಿ, ನಾನೂ ನಿಮ್ಮಂಗ ಅಂದಿದ್ದೆ. ವಕೀಲರು ನನ್ನ ಸಹಿ ನನಗ ತೋರಿಸಿದ್ರು. ಸುಮ್ಮನ ಗ್ವಾಡಿ ಕಿತ್ತು ಮತ್ತ ಕಟ್ಟಿಕೊಟ್ಟು ಬಂದೆ."

"ಹಂಗಾರ ಬದಲ ಮಾಡಾಕ ಬರೂದಿಲ್ಲೇನು?"

"ಬರತೈತಿ. ಸಹಿ ಮಾಡಿದವರಿಬ್ಬರೂ ಒಪ್ಪಬೇಕು." ಕಾಗದವನ್ನು ನನ್ನತ್ತ ಹಿಡಿದ. "ವೈನಿ, ಬದಲ ಮಾಡೂದೇನ್ರಿ?"

ಮನೆಯ ವಿಷಯಕ್ಕೆ ಎಲ್ಲರೂ ಹೀಗೆ ನನ್ನ ಬಾಯಿ ನೋಡುತ್ತ ನಿಂತದ್ದು ಅದೇ ಮೊದಲು.

"ಬ್ಯಾಡ" ಎಂದೆ. "ಬರದಂಗ ಇರ್ಲಿ."

"ಇಕಿಗೂ ಬಾಯಿ ಬಂತಲ್ಲವಾ" ಎಂದು ಮಹಾದೇವಕ್ಕ ಸೆರಗು ಕೊಡವಿಕೊಂಡು ಹೊರಗೆ ಹೋದರು.

ನಮ್ಮವರು ಕಾಗದದಲ್ಲಿದ್ದ ನನ್ನ ಹೆಸರನ್ನು ಇನ್ನೊಮ್ಮೆ ನೋಡಿದರು. "ನಿರ್ಮಲಾ, ಅಷ್ಟು ತ್ರಾಸ ಆಗ್ತಿತ್ತೇನು?"

ಮೊಣಕೈ ಮೇಲಿನ ಕಲೆ ತೋರಿಸಿದೆ. ಅವರು ಅದನ್ನು ನೋಡಿ, "ಬರದಂಗ ಕಟ್ಟಪಾ" ಎಂದು ತುಳಸಿರಾಮನಿಗೆ ಹೇಳಿದರು. ಮತ್ತೆ ಆ ಮಾತು ತೆಗೆಯಲಿಲ್ಲ. ಆ ಉಪಕಾರವನ್ನೂ ನಾನು ಮರೆತಿಲ್ಲ.

ಈಗ ಎರಡೂ ಪಾದ ನೆಲಕ್ಕೂರಿ ರೊಟ್ಟಿ ತಟ್ಟುತ್ತೇನೆ. ರವಿವಾರ ಚಹಾ ಮಾಡಲು ಬಂದ ನಮ್ಮವರು ಬಗ್ಗಿ ನರಳುತ್ತಾರೆ. ಕುರ್ಚಿ ಎಳೆದು ಕೊಡುತ್ತೇನೆ.

ಮನೆ ಹೊಕ್ಕ ದಿನ ತುಳಸಿರಾಮನನ್ನು ಊಟಕ್ಕೆ ಕರೆದಿದ್ದೆವು. ಹಳೆಯ ಮಣೆಯನ್ನು ಉಜ್ಜಿ ತೊಳೆದು, ಅದರ ಮೇಲೆ ಆತನನ್ನು ಕೂಡಿಸಿ, ಬೇಡ ಬೇಡ ಎಂದರೂ ಮೂರನೆಯ ಹೋಳಿಗೆ ಹಾಕಿ ತುಪ್ಪ ಬಡಿಸಿದೆ.