ಹಕ್ಕಿ ಕೂಗುವ ತಿಂಗಳ ಐದು ಗೂಡು

ಹಕ್ಕಿ ಕೂಗುವ ತಿಂಗಳು ಮುಗಿಯಲು ಇನ್ನು ಎಂಟು ದಿನವಿತ್ತು. ನೂ ನದಿಯ ಕಣಿವೆಯಿಂದ ಬೆಳಗಿನ ಮಂಜು ಮೇಲೇಳುವ ಹೊತ್ತಿಗೇ ಅಚಿಯಾ ತನ್ನ ಐದೂ ಜೇನುಗೂಡುಗಳನ್ನು ಒಂದು ಸುತ್ತು ನೋಡಿ ಬಂದಿದ್ದಳು. ಐದೂ ಖಾಲಿ. ಒಲೆ ಮುಂದೆ ಕೂತವಳು ಜೋಳದ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಮತ್ತೆ ಎದ್ದು ಹೋದಳು.

ಈ ತಿಂಗಳ ಬೆನ್ನಿಗೇ ಗುಡ್ಡ ಸುಡುವ ತಿಂಗಳು. ಹಳ್ಳದ ಮೇಲಿನ ಇಳಿಜಾರು ಅವಳ ಸತ್ತ ಗಂಡನದು; ಅಲ್ಲಿ ಮರ ಎದ್ದು ಕಾಡಾಗಿ ಇಪ್ಪತ್ತು ವರ್ಷ. ಅದನ್ನು ಸುಟ್ಟು ಕುಮರಿ ಮಾಡಿ ಜೋಳ ಬಿತ್ತಬೇಕೆಂದು ಮೈದುನ ಅಖೆನ್ ಅಡಿಗಿಡಗಳನ್ನು ಆಗಲೇ ಕಡಿದು ಒಣಗಲು ಹಾಕಿದ್ದ. ಪೇಟೆಯ ಜೇನು ಸಂಘದವರು ಕಾಡಿಗೆ ಬೆಂಕಿ ಇಡದ ಮನೆಯವರ ಜೇನುತುಪ್ಪವನ್ನಷ್ಟೇ ಕೊಳ್ಳುತ್ತಿದ್ದರು. ನೆರೆಯ ಅನಾ ಅಜ್ಜಿಯ ಮನೆಗೆ ಕಳೆದ ಚಳಿಗಾಲವೆಲ್ಲ ಅಕ್ಕಿ ಬಂದದ್ದು ಆ ತುಪ್ಪದಿಂದಲೇ. ಅದನ್ನು ಕಂಡು ಅಚಿಯಾ, ಬಿದ್ದ ಮರವೊಂದರ ದಿಮ್ಮಿಗಳನ್ನು ಕೊರೆದು ಗೂಡು ಮಾಡಿದ್ದಳು. ಹಕ್ಕಿ ಕೂಗುವ ತಿಂಗಳೊಳಗೆ ಒಂದರಲ್ಲಾದರೂ ಜೇನು ಕೂತರೆ ಕಾಡು ಉಳಿಯಿತು, ಇಲ್ಲದಿದ್ದರೆ ಬೆಂಕಿ ಎಂದು ಅವಳಿಗೂ ಅಖೆನ್‌ಗೂ ಮಾತಾಗಿತ್ತು.

"ನೊಣಗಳಿಗೆ ಕಾಗದ ಬರೆದು ಕರೀಬೇಕಿತ್ತೇನೋ ಅತ್ತಿಗೆ," ಎಂದ ಅಖೆನ್, ಮಚ್ಚು ಮಸೆಯುತ್ತ.

"ನಿನ್ನ ಮದುವೆಗೆ ಕರೆದೋರು ಎಷ್ಟು ಜನ ಬಂದ್ರು ಹೇಳು. ಸುಮ್ನಿರು."

ಮಧ್ಯಾಹ್ನ ಅವಳ ಕಾಟ ತಾಳಲಾರದೆ ಅನಾ ಅಜ್ಜಿ ಗೂಡಿನ ಬಳಿ ಬಂದು ಕೂತಳು. ಒಂದು ತುಡುವೆ ಜೇನುನೊಣ ಬಂತು, ಗೂಡಿನ ಬಾಯಿಯ ಸುತ್ತ ಸುಳಿದು ಒಳಗೆ ಹೋಯಿತು, ಹೋದಷ್ಟೇ ಬೇಗ ಹೊರಬಿತ್ತು. ಇನ್ನೊಂದೂ ಹಾಗೆಯೇ. ಅಜ್ಜಿ ಬಗ್ಗಿ ಮೂಸಿದಳು.

"ಚಳಿಗಾಲದಲ್ಲಿ ಇವನ್ನ ಎಲ್ಲಿಟ್ಟಿದ್ದೆ ಮಗಳೇ?"

"ಒಲೆ ಮೇಲಿನ ಅಟ್ಟದಲ್ಲಿ. ಹುಳ ಹೊಡೀಬಾರ್ದು ಅಂತ."

"ಮಾಂಸ ಒಣಗ್ಸೋ ಜಾಗದಲ್ಲಿಟ್ಟು ಬಾಡಿಗೆಗೆ ಕೊಡ್ತೀನಿ ಅಂತೀಯಾ. ಹೊಗೆ ವಾಸ್ನೆ ಬಂತು ಅಂದ್ರೆ ಕಾಡು ಹತ್ಕೊಂಡಿದೆ ಅಂತ ಅವು ತಿಳ್ಕೊಳ್ತವೆ. ಯಾರ್ ಬರ್ತಾರೆ?"

ಬೀಜದ ಜೋಳ, ಮಾಂಸ, ಗಂಡನ ಹಳೆಯ ಬಿಲ್ಲು, ಆ ಊರಿನಲ್ಲಿ ಎಲ್ಲವೂ ಚಳಿಗಾಲ ಕಳೆಯುವುದು ಒಲೆಯ ಮೇಲೆಯೇ. ಅಚಿಯಾಳ ಕೈ ಅವಳನ್ನು ಕೇಳದೆಯೇ ಆ ಕೆಲಸ ಮಾಡಿತ್ತು.

ಅಂದಿನಿಂದ ಬಾಚಿ ಹಿಡಿದು ಕೂತಳು. ಹೊಗೆ ಕುಡಿದ ಮರವನ್ನು ಬೆರಳಿನಷ್ಟು ದಪ್ಪ ಹೆರೆದು, ಹೊಸ ಮರದ ವಾಸನೆ ಬಂದ ಮೇಲೆ ಅಜ್ಜಿ ಕೊಟ್ಟ ಮೇಣ ಉಜ್ಜಿದಳು. ಹೆರೆಯುವಾಗ ಗೂಡುಗಳ ಚಿಂತೆ, ಗೂಡುಗಳ ಬಳಿ ನಿಂತಾಗ ಹೆರೆಯುವ ಚಿಂತೆ. ಅಂಗೈ ಬೊಬ್ಬೆ ಒಡೆಯುವಷ್ಟರಲ್ಲಿ ಮುಗಿದದ್ದು ಮೂರೇ.

ಕೊನೆಯ ದಿನ ಅಖೆನ್ ಬೆಂಕಿಪೊಟ್ಟಣ ಹಿಡಿದು ಬಂದ. ಇಬ್ಬರೂ ಗೂಡುಗಳ ಬಳಿ ನಿಂತಿದ್ದಾಗ ಮೇಲಿನ ಬಂಡೆಯ ಕಡೆಯಿಂದ ಮೊರೆತ ಕೇಳಿಸಿತು. ಜೇನುನೊಣಗಳ ಕಪ್ಪು ಮೋಡವೊಂದು ಕೆಳಗಿಳಿದು ಮೂರನೆಯ ಗೂಡಿನ ಬಾಯಿಗೆ ಗಂಜಿಯಂತೆ ಸುರಿಯತೊಡಗಿತು.

"ಒಂದೇ ಗೂಡು," ಎಂದ ಅಖೆನ್.

"ಒಂದಾದ್ರೂ ಅಂತ ತಾನೇ ನಮ್ಮ ಮಾತು?"

"ಹೌದು. ಒಂದು ಗೂಡು ತಿಂದು ಎರಡು ಮನೆ ಬದುಕಲ್ಲ ಅತ್ತಿಗೆ."

ಅವನ ಕತ್ತಿನ ಮೇಲೆ ನೊಣವೊಂದು ಕೂತಿತ್ತು. ಅದನ್ನು ಕೊಡವದೆ, ಅದಾಗಿಯೇ ಹಾರುವವರೆಗೆ ನಿಂತು, ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ.

ಗುಡ್ಡ ಸುಡುವ ತಿಂಗಳ ಮೊದಲ ದಿನ, ಅಚಿಯಾ ನಾಲ್ಕನೆಯ ಗೂಡು ಹೆರೆಯುತ್ತಿದ್ದಾಗ, ಅಖೆನ್ ಬೀಜದ ಜೋಳದಲ್ಲಿ ತನ್ನ ಪಾಲು ಹೊತ್ತು, ಹೆಂಡತಿಯನ್ನು ಕರೆದುಕೊಂಡು, ನದಿಯಾಚೆಯ ಮಾವನ ಹೊಲದಲ್ಲಿ ಬಿತ್ತಲೆಂದು ಹೊರಟುಹೋದ.